ಬಾಯಿ ತೆರೆಸಿ ನೋಡುವ ಗುತ್ಯಮ್ಮ

ಬೆಳಗಿನ ಆರು ಗಂಟೆ. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಚಪ್ಪರದಲ್ಲಿ ಅಡಿಕೆ ಸುಲಿಯುವ ಕತ್ತಿಗಳು ಆಗಲೇ ಚಕಚಕ ಎನ್ನುತ್ತಿವೆ. ಆಶಾ ಕಾರ್ಯಕರ್ತೆ ಗುತ್ಯಮ್ಮ ನೇರ ಹೋಗಿ, ಅಡಿಕೆ ಆರಿಸುತ್ತ ಕೂತ ಭವ್ಯಾಳ ಎದುರು ನಿಲ್ಲುತ್ತಾರೆ. ಒಂದು ಕೈಯಲ್ಲಿ ಫಿಟ್ಸ್ ಮಾತ್ರೆ, ಇನ್ನೊಂದರಲ್ಲಿ ನೀರು.

"ನುಂಗಿದ್ಯಾ? ಬಾಯಿ ತೆಗಿ. ನಾಲಿಗೆ ಎತ್ತು."

"ಎಂತ ಅತ್ತೆ, ನಾನೇನ್ ದನನಾ, ಹಲ್ಲು ನೋಡಕ್ಕೆ?"

"ದನ ಆಗಿದ್ರೆ ಹೇಳಿದ್ ಕೇಳ್ತಿತ್ತು."

ಚಪ್ಪರವೆಲ್ಲ ನಗುತ್ತದೆ. ಗುತ್ಯಮ್ಮ ನಗುವುದಿಲ್ಲ. ಎರಡು ತಿಂಗಳು ಬೀಳದಿದ್ದರೆ ಸಾಕು, ವಾಸಿಯಾಯಿತೆಂದು ಮಾತ್ರೆ ಉಗಿಯುವವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ.

ಅವರ ಪಾಲಿನ ಮೂರು ಹಳ್ಳಿಗಳಲ್ಲಿ ಫಿಟ್ಸ್ ಇರುವವರು ಹತ್ತೊಂಬತ್ತು ಜನ. ಲಕ್ವ ಹೊಡೆದು ಮಲಗಿದವರು ಎಂಟು. ಕೈ ನಡುಗಿ ಅನ್ನದ ತುತ್ತು ಬಾಯಿಗೆ ತಲುಪದವರು ನಾಲ್ವರು. ಬಸುರಿ, ಬಾಣಂತಿ, ಚುಚ್ಚುಮದ್ದಿಗೆ ಅವರ ಬಳಿ ನಮೂನೆಗಳಿವೆ. ಈ ಮೂವತ್ತೊಂದು ಜನರಿಗೆ ಒಂದು ಗೆರೆಯೂ ಇಲ್ಲ. ಹಾಳೆಯಲ್ಲಿ ಇಲ್ಲದವರಿಗೆ ಕಾಯಿಲೆಯೂ ಇಲ್ಲವೆಂದು ಮೇಲಿನವರು ನೆಮ್ಮದಿಯಾಗಿದ್ದಾರೆ. "ಇವ್ರನ್ನ ಕರ್ಕೊಂಡು ಸಾಗರ, ತೀರ್ಥಹಳ್ಳಿ ಎಲ್ಲಾ ಅಲೆದೆ. ಹೋದಾಗೆಲ್ಲ ನರದ ಡಾಕ್ಟ್ರು ಮುಂದಿನ ವಾರ ಬರ್ತಾರೆ ಅಂದ್ರು," ಎನ್ನುತ್ತಾರೆ ಗುತ್ಯಮ್ಮ.

ಹೋದ ವರ್ಷ ಅಡಿಕೆ ಸುಲಿತದ ಕಾಲಕ್ಕೆ ಆರೋಗ್ಯ ಕೇಂದ್ರದಲ್ಲಿ ಹದಿನೇಳು ದಿನ ಮಾತ್ರೆಯೇ ಇರಲಿಲ್ಲ. ಹದಿನೆಂಟನೆಯ ದಿನ ಭವ್ಯಾ ಚಪ್ಪರದಲ್ಲೇ ಬಿದ್ದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ಇಲ್ಲಿ ಹಿಂದಿನಿಂದ ಬಂದ ರೂಢಿ. ಮನೆಯಲ್ಲಾದರೆ ಬೀಗದ ಕೈ ಕೊಡುತ್ತಾರೆ. ಚಪ್ಪರದಲ್ಲಿ ಕೈಗೆ ಸಿಕ್ಕಿದ್ದು ಕತ್ತಿ. ಗುಂಪಿನ ಹಿರಿಯ ಸುಬ್ಬಪ್ಪ ಗಾಬರಿಯಲ್ಲಿ ಅದನ್ನೇ ಅವಳ ಮುಷ್ಟಿಗೆ ಒತ್ತಿದ. ಮುಷ್ಟಿ ಬಿಗಿಯಿತು. ಅವಳ ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

"ನಾನೇ ಕೊಟ್ಟೆ, ಈ ಕೈಯಾರೆ," ಎಂದು ಸುಬ್ಬಪ್ಪ ತಲೆ ತಗ್ಗಿಸುತ್ತಾನೆ.

"ನಿಂದು ತಿಳೀದ ತಪ್ಪು ಮಾರಾಯ. ಮಾತ್ರೆ ತರಿಸದೆ ಕೂತೋರದ್ದು ತಿಳಿದು ಮಾಡಿದ್ದು," ಎಂದು ಗುತ್ಯಮ್ಮ ಸಿಡುಕುತ್ತಾರೆ. ಭವ್ಯಾಳನ್ನು ಕತ್ತಿಯ ಕೆಲಸದಿಂದ ಎಬ್ಬಿಸಿ ಅಡಿಕೆ ಆರಿಸುವ ಕೆಲಸಕ್ಕೆ ಕೂರಿಸಿದವರು ಅವರೇ. ಯಾರಾದರೂ ಬಿದ್ದರೆ ಕತ್ತಿ ದೂರ ಎಳೆಯಬೇಕು, ಮಗ್ಗುಲಿಗೆ ಹೊರಳಿಸಬೇಕು, ಕೈಗೆ ಬಾಯಿಗೆ ಏನೂ ತುರುಕಬಾರದು ಎಂದು ಚಪ್ಪರಕ್ಕೆಲ್ಲ ಕಲಿಸಿದವರೂ ಅವರೇ.

ಈ ಸಲವೂ ಅದೇ ಹಾಡು. ಭವ್ಯಾಳ ಬಳಿ ನಾಲ್ಕೇ ದಿನದ ಮಾತ್ರೆ ಉಳಿದಿದ್ದಾಗ ಕೇಂದ್ರದಲ್ಲಿ ದಾಸ್ತಾನು ಮುಗಿಯಿತು. ಗುತ್ಯಮ್ಮ ಔಷಧಿ ಕೊಡುವ ಕಿಟಕಿಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತರು.

"ಮಾತ್ರೆ ಬೇಕು ಅಂತ ಮೇಲಕ್ಕೆ ಇಂಡೆಂಟ್ ಹಾಕಿದೀವಲ್ಲಮ್ಮ," ಎಂದರು ಒಳಗಿನವರು.

"ಇಂಡೆಂಟ್ ನುಂಗಕ್ ಆಗುತ್ತಾ? ನೀವ್ ನುಂಗಿ ತೋರ್ಸಿ, ನಾನ್ ಏಳ್ತೀನಿ."

ಮಧ್ಯಾಹ್ನದ ಹೊತ್ತಿಗೆ ಒಳಗಿನವರು ಬೇಸತ್ತು ಪಕ್ಕದ ಕೇಂದ್ರಕ್ಕೆ ಒಂದು ಫೋನು ಮಾಡಿದರು. ಅಲ್ಲಿ ಅದೇ ಮಾತ್ರೆಯ ಪೆಟ್ಟಿಗೆ ಒಡೆಯದೆ ಬಿದ್ದಿತ್ತು! ಹದಿನೆಂಟು ಕಿಲೋಮೀಟರು, ಒಂದು ಫೋನು. ಹೋದ ವರ್ಷ ಆ ಫೋನು ಮಾಡಲು ಯಾರ ಕೈ ಸೇದಿಹೋಗಿತ್ತು? ಆ ಹುಡುಗಿಯ ಬೆರಳಿಗೆ ಉತ್ತರ ಕೊಡುವವರು ಯಾರು? ಯಾರನ್ನೂ ಯಾರೂ ಕೇಳಿಲ್ಲ.

ಗುತ್ಯಮ್ಮ ಅಂದೇ ಬಸ್ಸು ಹತ್ತಿ ಮಾತ್ರೆ ತಂದರು. ಮರುದಿನ ಹತ್ತೊಂಬತ್ತು ಮನೆಗೂ ಹಂಚಿದರು.

ಪತ್ರಿಕೆಗೆ ಒಂದು ಫೋಟೋ ಎಂದರೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೇಡವೆಂದು ಕೈಯಾಡಿಸುತ್ತಾರೆ.

"ಈ ಸುಲಿತ ಮುಗೀತಾ ಬಂತು. ನನ್ ಜನ ಒಬ್ರೂ ಬಿದ್ದಿಲ್ಲ. ಅಷ್ಟು ಬರೀರಿ, ಸಾಕು."