ನಲವತ್ತೆಂಟನೆಯ ಹರಳು

ಎತ್ತರಕ್ಕೆ ಹೋದರೆ ಎಲ್ಲರಿಗೂ ತಲೆ ತಿರುಗುತ್ತದೆ, ನನಗೆ ನಗು ಬರುತ್ತದೆ. ಏಣಿಯ ಮೂರನೆಯ ಮೆಟ್ಟಿಲು ದಾಟಿದರೆ ಸಾಕು, ಯಾರೋ ಕಚಗುಳಿ ಇಟ್ಟಂತಾಗಿ ಕಿಸಕ್ಕನೆ ಶುರುವಾದದ್ದು ಕೆಳಗಿಳಿಯುವವರೆಗೂ ನಿಲ್ಲುವುದಿಲ್ಲ. ಅದು ನಗುವಲ್ಲ, ಹೆದರಿಕೆ, ನಿನ್ನ ಹತ್ತಿರ ಬರುವಾಗ ವೇಷ ಹಾಕಿಕೊಂಡು ಬರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಅಂಥ ನಾನು ಹೋದ ವರ್ಷ ಒಂದೇ ವಾರದಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೇರಿ ನಲವತ್ತೆಂಟು ಸಲ ಏಣಿ ಹತ್ತಿ ಇಳಿದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು, ಅದೇ ಹೊಟ್ಟೆಯಲ್ಲಿ ಒಂದು ವಾರ ಅನ್ನ ಸರಿಯಾಗಿ ಇಳಿಯಲಿಲ್ಲ.

ಅಣ್ಣನದು ರಾಣೆಬೆನ್ನೂರಿನಲ್ಲಿ ಬೆಂಕಿ ಆರಿಸುವ ಸಾಮಾನಿನ ಅಂಗಡಿ. ಅಂಗಡಿ ಎಂದರೆ ಅವನ ಮನೆಯ ಮುಂದಿನ ಕೋಣೆ. ಮಾಲು ತರಿಸುವುದು, ಜೋಡಿಸುವುದು ಅವನ ಕೆಲಸ. ಎರಡು ಓಣಿ ಆಚೆ ನನ್ನ ಗಂಡನ ಮನೆ, ದಿನಾ ಬೆಳಿಗ್ಗೆ ಬಂದು ಕಾಗದಪತ್ರ ನೋಡುವವಳು ನಾನು. ಯಾವ ಊರಿನ ಯಾವ ಕಟ್ಟಡದ ಯಾವ ಮೂಲೆಯಲ್ಲಿ ಯಾವ ನಂಬರಿನ ಸಾಮಾನು ಕೂತಿದೆ ಎನ್ನುವುದು ನನ್ನ ರಿಜಿಸ್ಟರಿನಲ್ಲಿ ಇರುತ್ತದೆ. ಆ ರಿಜಿಸ್ಟರಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಸ್ಪ್ರಿಂಕ್ಲರ್ ಎಂದರೆ ನಮ್ಮ ಕಡೆಯವರು ಗೋವಿನಜೋಳದ ಹೊಲದಲ್ಲಿ ತಿರುಗುವುದನ್ನೇ ತಿಳಿಯುತ್ತಾರೆ. ನಾವು ಮಾರುವುದು ಬೇರೆ. ಛತ್ತಿನ ಕೆಳಗಿನ ನೀರಿನ ಪೈಪಿಗೆ ಸಿಕ್ಕಿಸುವ ಹಿತ್ತಾಳೆಯ ಪುಟ್ಟ ಮೂತಿ ಅದು, ನಡುವೆ ಕೆಂಪು ನೀರು ತುಂಬಿದ ಗಾಜಿನ ಹರಳು. ಕೆಳಗೆ ಬೆಂಕಿ ಬಿದ್ದರೆ ಕಾವಿಗೆ ಹರಳು ಒಡೆಯಬೇಕು, ಅದು ಹಿಡಿದುಕೊಂಡಿದ್ದ ಮುಚ್ಚಳ ಉದುರಬೇಕು, ನೀರು ಸುರಿಯಬೇಕು. ಒಡೆಯುವುದೇ ಅದರ ಕಸುಬು. ಅಣ್ಣ ಮಾತ್ರ ಗಿರಾಕಿಗಳಿಗೆ ತವೆ, ಕೊಡಪಾನ ಮಾರುವವನ ಹಾಗೆ, "ಬಾಳ ಗಟ್ಟಿ ಮಾಲ ಐತ್ರಿ" ಎಂದೇ ಹೇಳಿ ಮಾರುತ್ತಿದ್ದ.

ಒಂದು ಬೆಳಿಗ್ಗೆ ಮಾಲು ತಯಾರಿಸುವ ಕಂಪನಿಯಿಂದ ಪತ್ರ ಬಂತು. ಮೂರು ವರ್ಷದ ಹಿಂದೆ ನಾವು ತರಿಸಿದ ಒಂದು ಲಾಟಿನಲ್ಲಿ, ಅಂದರೆ ಒಂದೇ ಸಲಕ್ಕೆ ತಯಾರಾದ ಮಾಲಿನಲ್ಲಿ, ದೋಷವಿದೆ, ಎಷ್ಟು ಕಾದರೂ ಅದರ ಹರಳು ಒಡೆಯದೆ ಇರಬಹುದು, ಲಾಟಿನ ನಲವತ್ತೆಂಟನ್ನೂ ಬಿಚ್ಚಿ ವಾಪಸ್ ಕಳಿಸಿ, ಹೊಸದನ್ನು ಪುಕ್ಕಟೆ ಕೊಡುತ್ತೇವೆ, ಒಂದೇ ಒಂದು ಕೂಡ ಉಳಿಯಕೂಡದು ಎಂದು ಬರೆದಿದ್ದರು. ಅಣ್ಣ ಎರಡು ಸಲ ಓದಿಸಿಕೊಂಡ. ಆಮೇಲೆ ರಿಜಿಸ್ಟರು ತೆಗೆ ಎಂದ. ನಾನು ಪುಟ ತಿರುವಿ ಬೆರಳಿಟ್ಟು ಆ ಸಾಲು ಓದಿದೆ. "ದೇವರ ನಗ: ಹಾವೇರಿ, ಕೂಸುಗಳ ಕೋಣೆ."

ಇದು ಅವ್ವನ ಕಟ್ಟಳೆ. ಅಣ್ಣನ ಜೊತೆಗಿರುವ ನಮ್ಮ ಅವ್ವ, ಅಂಗಡಿಗೆ ಹೊಸ ಪೆಟ್ಟಿಗೆ ಬಂದರೆ ಮೊದಲ ನಗ, ಅಂದರೆ ಮೊದಲು ತೆಗೆದ ಬಿಡಿ ಸಾಮಾನು, ತನ್ನ ಕೈಗೆ ಕೊಡಬೇಕು ಎನ್ನುತ್ತಾಳೆ. ಅದಕ್ಕೆ ಕುಂಕುಮ ಹಚ್ಚಿ ಎರಡು ದಿನ ದೇವರ ಗೂಡಿನಲ್ಲಿಟ್ಟು ವಾಪಸ್ ಕೊಡುತ್ತಾಳೆ. ಆ ದೇವರ ನಗವನ್ನು ಅಣ್ಣ ಕಟ್ಟಕಡೆಗೆ, ಎಲ್ಲಕ್ಕಿಂತ ಮುಖ್ಯವೆನಿಸಿದ ಜಾಗದಲ್ಲಿ ಜೋಡಿಸುತ್ತಾನೆ. ಆ ಲಾಟಿನದನ್ನು ಅವನು ಹಾವೇರಿಯ ಹೆರಿಗೆ ಆಸ್ಪತ್ರೆಯಲ್ಲಿ, ಹಸುಗೂಸುಗಳನ್ನು ಸಾಲಾಗಿ ಮಲಗಿಸುವ ಕೋಣೆಯಲ್ಲಿ, ಬೇಕೆಂದೇ ಹುಡುಕಿ ಹಾಕಿದ್ದ. ದೇವರ ಹೆಸರಿನಲ್ಲಿ ಮೂರು ವರ್ಷ ಕೂಸುಗಳ ನೆತ್ತಿಯ ಮೇಲೆ ಕೆಟ್ಟ ಮಾಲು ತೂಗಿಬಿಟ್ಟೆವಲ್ಲ ಎಂದು ಅವನ ಮುಖ ಬಿಳಿಚಿಹೋಯಿತು. ಅವ್ವನಿಗೆ ಹೇಳಬಾರದು, ಬಿ.ಪಿ. ಏರುತ್ತದೆ ಎಂದು ಇಬ್ಬರೂ ಪಿಸುಮಾತಿನಲ್ಲೇ ಗೊತ್ತು ಮಾಡಿಕೊಂಡೆವು.

ಜೋಡಿಸುವ ಕೆಲಸಗಾರರು ಇಬ್ಬರು, ಅಣ್ಣತಮ್ಮಂದಿರು. ಅವರ ತಂಗಿಯ ಮದುವೆ ಐರಣಿಯಲ್ಲಿ, ಒಂದು ವಾರ ಬರುವ ಹಾಗಿರಲಿಲ್ಲ. ಅಣ್ಣನ ಮೊಣಕಾಲು ಏಣಿಯನ್ನು ದೂರದಿಂದ ಕಂಡರೂ ನೋಯುತ್ತದೆ. ಹೊಸ ಮಾಲು ಬಂದ ದಿನವೇ ಹಾವೇರಿಗೆ ಹೊರಟೆವು, ಹತ್ತುವವಳು ನಾನು, ಏಣಿ ಹಿಡಿಯುವವನು ಅವನು.

ಆಸ್ಪತ್ರೆಯಲ್ಲಿ ನೀರು ಬಂದ್ ಮಾಡಿ, ಕೂಸುಗಳನ್ನೆಲ್ಲ ತಾಯಂದಿರ ಮಡಿಲಿಗೆ ಸಾಗಿಸಿದ ಮೇಲೆ ನಾನು ಹತ್ತಿದೆ. ಮೂರನೆಯ ಮೆಟ್ಟಿಲಿಗೆ ಶುರುವಾಯಿತು. ಇಷ್ಟು ದೊಡ್ಡ ವಿಷಯ, ಬಾಯಿ ಮಾತ್ರ ಕಿಲಕಿಲ. ಬಾಗಿಲಲ್ಲಿದ್ದ ನರ್ಸ್ ಇದೇನು ಹುಚ್ಚು ಎನ್ನುವಂತೆ ನೋಡಿದಳು. ಮೂತಿಯ ಸಂದಿಯಲ್ಲಿ ಒಣಗಿದ ಕುಂಕುಮ ಹಾಗೇ ಇತ್ತು, ಅದೇ ದೇವರ ನಗ. ಸೆರಗಿನಿಂದ ಒರೆಸಿ ಅಂಚಿನಲ್ಲಿ ಒತ್ತಿದ್ದ ಲಾಟಿನ ನಂಬರು ಓದಿದೆ. ಇನ್ನೊಮ್ಮೆ ಓದಿದೆ.

"ನಂಬರ್ ಬ್ಯಾರೆ ಐತಿ" ಎಂದೆ. "ಇದು ಆ ಲಾಟಿಂದಲ್ಲ. ಛಲೋ ಮಾಲ ಇದು."

ಅಣ್ಣ ಏಣಿ ಬಿಟ್ಟು ಎರಡೂ ಕೈ ಜೋಡಿಸಿದ. ಏಣಿ ಒಮ್ಮೆ ತೂಗಾಡಿತು, ನನ್ನ ನಗು ಕಿರಿಚಾಟವಾಗಿ ಆಚೆ ಕೋಣೆಯಲ್ಲಿ ಒಂದು ಕೂಸು ಎದ್ದು ಅತ್ತಿತು, ಅದರ ಹಿಂದೆ ಉಳಿದವೂ ರಾಗ ತೆಗೆದವು. ನನಗೆ ಆ ಅಳುವಿನಷ್ಟು ಇಂಪಾದದ್ದು ಅವತ್ತು ಬೇರೇನೂ ಕೇಳಲಿಲ್ಲ. ಅಷ್ಟು ಖುಷಿಯಾಗಿತ್ತು.

ಆಸ್ಪತ್ರೆಯ ಉಳಿದ ಹನ್ನೊಂದನ್ನು ಬದಲಿಸಿ ಬಸ್ಸಿನಲ್ಲಿ ಕೂತ ಮೇಲೆ ಖುಷಿ ಇಳಿಯಿತು. ಇದು ಛಲೋ ಇದ್ದರೆ ಆ ಲಾಟಿನ ನಲವತ್ತೆಂಟನೆಯದು ಎಲ್ಲಿ? ಆ ಮೂರು ವರ್ಷದಲ್ಲಿ ಅಣ್ಣ ಹುಡುಗಿಯರ ಹಾಸ್ಟೆಲಿಗೆ, ಲಾಡ್ಜಿಗೆ, ಇನ್ನೂ ಎಲ್ಲೆಲ್ಲಿಗೋ ಮಾಲು ಹಾಕಿದ್ದಾನೆ. ನನ್ನ ರಿಜಿಸ್ಟರು ಒಂದು ಕಡೆ ಸುಳ್ಳು ಹೇಳಿದ ಮೇಲೆ ಇನ್ನೊಂದು ಕಡೆ ನಂಬುವುದು ಹೇಗೆ? ಯಾರದೋ ಮಂಚದ ಮೇಲೆ ಆ ಒಡೆಯದ ಹರಳು ಕೂತಿದೆ, ಅವರಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮೋಟೆಬೆನ್ನೂರು ದಾಟಿದ ಮೇಲೆ ಅಣ್ಣ, ಅದು ಸಿಕ್ಕರೆ ದೇವರಗುಡ್ಡಕ್ಕೆ ನಡೆದು ಹೋಗುತ್ತೇನೆ ಎಂದು ಹರಕೆ ಹೊತ್ತ. ಆ ಮೊಣಕಾಲಿನವನು.

ಮರುದಿನ ರಾಣೆಬೆನ್ನೂರಿನ ಸೀರೆ ಅಂಗಡಿ. ಅಲ್ಲಿ ಹದಿನಾರು. ಮಾಲೀಕರು ಛತ್ತಿನ ಬಣ್ಣಕ್ಕೆ ಹೊಂದಲಿ ಎಂದು ಹದಿನಾರಕ್ಕೂ ಬಂಗಾರದ ಬಣ್ಣ ಬಳಿಸಿಬಿಟ್ಟಿದ್ದರು. ಬಣ್ಣ ಬಳಿದರೆ ಛಲೋ ಹರಳೂ ಕೆಡುತ್ತದೆ ಎಂದು ಅಣ್ಣ ತಿಳಿಸಿ ಹೇಳಿದರೆ, ಗಿರಾಕಿಗಳು ಮೇಲೆ ನೋಡಿ ಬಾಳ ಚಂದ ಅಂತಾರಲ್ಲ ಎಂದು ಅವರು ನೊಂದುಕೊಂಡರು. ಉಗುರಿನಿಂದ ಬಣ್ಣ ಕೆರೆದು ನಂಬರು ಓದುತ್ತಾ ಹೋದೆ. ನೀರು ಬಂದ್ ಮಾಡಿದ್ದರೂ ಪೈಪಿನ ಮೂಲೆಯಲ್ಲಿ ಮೂರು ವರ್ಷದ ಕಪ್ಪು ಕೊಳೆನೀರು ಉಳಿದಿತ್ತು. ಒಂಬತ್ತನೆಯದನ್ನು ತಿರುವಿದಾಗ ಅದಷ್ಟೂ ಕೆಳಗೆ ನಿಂತ ಅಣ್ಣನ ತಲೆಯ ಮೇಲೆ ಇಳಿಯಿತು. ಮದುವೆ ಸೀರೆ ನೋಡಲು ಕೂತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು. ನನಗೆ ಹಿಡಿಯಲು ಕೈ ಬಿಡುವಿರಲಿಲ್ಲ. ಅವನು ಮುಖ ಒರೆಸಿಕೊಂಡು, ನಂಬರು ಓದು ಎಂದಷ್ಟೇ ಹೇಳಿದ. ಅವನ ಬಗ್ಗೆ ಅಯ್ಯೋ ಎನಿಸಿತು, ನಗು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಬ್ಯಾಡಗಿ. ಮೆಣಸಿನಕಾಯಿ ಗೋದಾಮು, ಇಪ್ಪತ್ತು. ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದ ಹೆಂಗಸರಿಗೆ ಆ ಘಾಟು ಏನೂ ಅಲ್ಲ. ನಾನು ಮೇಲೆ ಹೋದಂತೆ ಒಂದು ಸೀನು, ಒಂದು ನಗು, ಒಂದು ಸೀನು, ಒಂದು ನಗು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಏಣಿಯೇ ಡೊಂಕು ಎಂದು ಅಣ್ಣನನ್ನು ಬೈದೆ. ತೊಟ್ಟು ಬಿಡಿಸುವವರಲ್ಲಿ ಹಿರಿಯಳೊಬ್ಬಳು ಕತ್ತೆತ್ತಿ ನೋಡಿ, "ಕದರಮಂಡಲಗಿ ಹಣಮಪ್ಪನ್ನ ನೆನಸ್ಕೊಂಡು ಏರಬೇ ಯವ್ವಾ, ಅಂವಾ ಗುಡ್ಡಾನ ಎತ್ಯಾನ" ಎಂದಳು. ನೆನೆಸಿಕೊಂಡೇ ಏರಿದೆ. ಇಪ್ಪತ್ತೂ ಸಿಕ್ಕವು, ಇಪ್ಪತ್ತೊಂದನೆಯದು ಸಿಗಲಿಲ್ಲ.

ಅಣ್ಣನ ಮನೆಗೆ ಬಂದು ಪಡಸಾಲೆಯಲ್ಲಿ ಎಲ್ಲವನ್ನೂ ಸುರುವಿ ಮತ್ತೆ ಮತ್ತೆ ಎಣಿಸಿದೆವು. ನಲವತ್ತೇಳು. ಅಣ್ಣ ಗೋಡೆಗೆ ಒರಗಿ ಕೂತ. ನಾಳೆಯಿಂದ ಮೂರು ವರ್ಷದ ಎಲ್ಲಾ ಕಟ್ಟಡಗಳನ್ನೂ ಒಂದೊಂದಾಗಿ ಹತ್ತಿ ನೋಡಬೇಕು, ಅಂಗಡಿ ಮುಚ್ಚಿದರೂ ಸರಿ ಎಂದ. ಅವನ ಕಣ್ಣು ತುಂಬಿದ್ದನ್ನು ಅಪ್ಪ ಹೋದಾಗ ಬಿಟ್ಟರೆ ಅವತ್ತೇ ಕಂಡೆ. ನನಗೆ ಏಣಿ ಇಲ್ಲದೆ ನಗು ಬರುವುದಿಲ್ಲ, ನಾನೂ ಅತ್ತೆ.

ಸಂಜೆಯ ದೀಪ ಹಚ್ಚಲು ಬಂದ ಅವ್ವ ನಮ್ಮಿಬ್ಬರನ್ನೂ ನೋಡಿ ಏನಾಯಿತು ಎಂದಳು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ನಾನೇ ಎಲ್ಲಾ ಹೇಳಿದೆ, ದೇವರ ನಗದ ನಂಬರು ಬೇರೆ ಇದ್ದದ್ದನ್ನೂ ಹೇಳಿದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಅದು ಇಲ್ಲೇ ಐತಲ್ಲ" ಎಂದಳು. "ಆ ಸಲದ್ದರ ಹರಳ ಬಾಳ ಚಂದ ಕೆಂಪಿತ್ತು, ದೇವರಿಗೇ ಇರ್ಲಿ ಅಂತ ಇಟ್ಕೊಂಡ್ನಿ. ನಿಮಗ ಬ್ಯಾರೆ ಡಬ್ಬಿದೊಂದಕ್ಕ ಕುಂಕುಮ ಹಚ್ಚಿ ಕೊಟ್ನಿ."

ನಾವು ಎದ್ದು ಗೂಡಿನೊಳಗೆ ಬಗ್ಗಿ ನೋಡಿದೆವು. ದೀಪದ ಕುಡಿಗೆ ಒಂದು ಗೇಣು ಮೇಲೆ, ಹೂವಿನ ಸರದ ಹಿಂದೆ, ತಂತಿಯಲ್ಲಿ ತೂಗುತ್ತಿದ್ದ ಮಸಿ ಹಿಡಿದ ಒಂದು ಪುಟ್ಟ ವಸ್ತು. ದಿನಾ ಕೈ ಮುಗಿಯುತ್ತಿದ್ದೆವು, ಅಜ್ಜಿಯ ಕಾಲದ ಗಂಟೆ ಎಂದುಕೊಂಡಿದ್ದೆವು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರು ನಾವೇ. ಅಣ್ಣ ಅದನ್ನು ಬಿಚ್ಚಿ ಪಂಜೆಯಿಂದ ಉಜ್ಜಿದ, ನಾನು ನಂಬರು ಓದಿದೆ. ಅದೇ ಲಾಟು. ಮಸಿಯ ಕೆಳಗೆ ಹರಳು ಕೆಂಪಗೆ, ಇಡಿಯಾಗಿ ಇತ್ತು.

"ಮೂರ ವರ್ಷಾತು, ಮುಂಜಾನಿ ಸಂಜೀಕ ದೀಪದ ಮ್ಯಾಲ ಐತಿ, ಬಿರುಕ ಸೈತ ಬಿಟ್ಟಿಲ್ಲ" ಎಂದಳು ಅವ್ವ, ಹೆಮ್ಮೆಯಿಂದ. "ನೀ ಹೇಳೂದು ಖರೇ ಐತಪಾ. ಗಟ್ಟಿ ಮಾಲ."

ಅಣ್ಣ ನನ್ನನ್ನು ನೋಡಿದ, ನಾನು ಅಣ್ಣನನ್ನು. ಕಂಪನಿಯವರು ಈಗ ಬರೆದದ್ದನ್ನು ಈ ಗೂಡು ಮೂರು ವರ್ಷದಿಂದ ದಿನಕ್ಕೆರಡು ಸಲ ನಮಗೆ ತೋರಿಸುತ್ತಿತ್ತು. ಅವ್ವ ಹರಳಿನ ಬಣ್ಣಕ್ಕೆ ಮರುಳಾಗಿ ಕದ್ದಿಟ್ಟುಕೊಂಡದ್ದರಿಂದ ಕೂಸುಗಳ ನೆತ್ತಿಯ ಮೇಲೆ ಛಲೋ ಮಾಲು ಹೋಗಿ ಕೂತಿತ್ತು. ಅಣ್ಣ ಅವ್ವನ ಕಾಲು ಹಿಡಿದ. ಇವನಿಗೇನಾಯಿತು ಎಂದು ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು.

ಮರುದಿನ ನಲವತ್ತೆಂಟನ್ನೂ ಕಟ್ಟಿ ಪಾರ್ಸೆಲ್ ಮಾಡಿದೆವು. ದೇವರ ಗೂಡು ಬರಿದಾಗಬಾರದು ಎಂದು ಅವ್ವ ಹಟ ಹಿಡಿದಳು, ಹೊಸ ಲಾಟಿನಲ್ಲಿ ಉಳಿದಿದ್ದ ಒಂದನ್ನು ಅಣ್ಣ ಕೊಟ್ಟ. ಅವನು ಬೇಕೆಂದೇ ಕೊಟ್ಟನೋ ಏನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಕುಂಕುಮ ಹಚ್ಚಿ, ಅದೇ ತಂತಿಗೆ ಕಟ್ಟಿ, ಸಂಜೆ ದೀಪ ಹಚ್ಚಿ ಕಣ್ಣು ಮುಚ್ಚಿದಳು. ನಾವಿಬ್ಬರೂ ಹಿಂದೆ ಉಸಿರು ಬಿಗಿಹಿಡಿದು ನಿಂತೆವು. ಅವಳ ಸ್ತೋತ್ರ ಅರ್ಧಕ್ಕೆ ಬಂದಿರಬೇಕು, ಟಪ್ಪೆಂದು ಹರಳು ಒಡೆಯಿತು, ಮುಚ್ಚಳ ಬಂದು ದೀಪದ ಎಣ್ಣೆಯಲ್ಲಿ ಬಿತ್ತು.

ಅಣ್ಣ ಮೊಣಕಾಲಿನ ನೋವು ಮರೆತು ಹಾರಿದ. ನಾನು ನೆಲದ ಮೇಲೇ ನಿಂತಿದ್ದೆ, ಆದರೂ ಶುರುವಾಯಿತು, ನಿಲ್ಲಲೇ ಇಲ್ಲ. ಅವ್ವ ಎಣ್ಣೆಯಿಂದ ಮುಚ್ಚಳ ಎತ್ತಿ ಸೆರಗಿನಲ್ಲಿ ಒರೆಸಿ ಅಣ್ಣನ ಕೈಗಿಟ್ಟಳು.

"ಖೊಟ್ಟಿ ಮಾಲ ಕಳಿಸ್ಯಾರ" ಎಂದಳು. "ಒಂದ ದಿನಾನೂ ತಡೀಲಿಲ್ಲ. ಇದನ್ನ ವಾಪಸ್ ಕಳಸು, ನನ್ನ ಹಳೇದನ್ನ ತರಿಸಿಕೊಡು."