ಮುಖ ಕಾಣುವ ಸ್ಟವ್

೧೯೫೬ರಲ್ಲಿ ನಾನು ಉದಗೀರದ ಬಜಾರಿನಲ್ಲಿ ಗ್ಯಾಸ್ ಬತ್ತಿ ಮತ್ತು ಸ್ಟವ್ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದೆ. ಸಂತೆಯ ದಿನ ಸಾಮಾನಿನ ಚೀಲ ಹೊತ್ತು ನಿಲಂಗಾಕ್ಕೆ ಹೋಗುತ್ತಿದ್ದೆ, ಯಾರಾದರೂ ಹೇಳಿ ಕಳಿಸಿದರೆ ಉಮರ್ಗಾದವರೆಗೂ ಹೋಗಿಬರುತ್ತಿದ್ದೆ. ಇವತ್ತಿನವರಿಗೆ ಗ್ಯಾಸ್ ಎಂದರೆ ಸಿಲಿಂಡರ್. ಆಗ ನಮ್ಮ ಕಡೆ ಸಿಲಿಂಡರ್ ಎಲ್ಲಿಂದ ಬರಬೇಕು? ಪಂಪು ಹೊಡೆದು, ಸೀಮೆಎಣ್ಣೆಯನ್ನು ಆವಿ ಮಾಡಿ ಉರಿಸುವುದೆಲ್ಲ ನಮ್ಮ ಜನರ ಬಾಯಲ್ಲಿ ಗ್ಯಾಸೇ. ದೀಪವಾದರೆ ಗ್ಯಾಸ್ ಬತ್ತಿ, ಒಲೆಯಾದರೆ ಗ್ಯಾಸ್ ಸ್ಟವ್.

ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಡಳಿತ ಮುಗಿದ ಮೇಲೆ ದೊಡ್ಡ ದೊಡ್ಡ ಮನೆಗಳ ಹಳೇ ಸಾಮಾನು ಬಜಾರಿಗೆ ಬರತೊಡಗಿತು. ಅದರಲ್ಲಿ ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ತಂದ ವಿಲಾಯತಿ ಸ್ಟವ್‌ಗಳೂ ಇರುತ್ತಿದ್ದವು. ಅವಕ್ಕೆ ಬೆಲೆ ಕಟ್ಟುವ ಕೆಲಸ, ನಾನು ಕೇಳದೆಯೇ ನನಗೆ ಗಂಟುಬಿತ್ತು. ಬರ್ನರ್ ಮೂಲದ್ದೇ ಇದೆಯೇ, ಪಂಪಿನ ಹಿಡಿ ಬದಲಾಗಿದೆಯೇ, ಎಣ್ಣೆ ತುಂಬುವ ಟಾಕಿಗೆ ಬೆಸುಗೆ ಬಿದ್ದಿದೆಯೇ, ಟಾಕಿಯ ಮೇಲೆ ಒತ್ತಿದ ಕಂಪನಿಯ ಅಕ್ಷರ ಓದಲು ಬರುತ್ತದೆಯೇ ಎಂದು ನೋಡುತ್ತಿದ್ದೆ. ಜನ ಹೊಳಪು ನೋಡಿ ಮರುಳಾಗುತ್ತಾರೆ. ಹೊಳಪಿಗೆ ನಾನು ಯಾವತ್ತೂ ಬೆಲೆ ಕಟ್ಟಿದವನಲ್ಲ.

ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ನಿಲಂಗಾದ ಧಾನ್ಯದ ವ್ಯಾಪಾರಿ ರೇವಣಪ್ಪ ಸಾವುಕಾರರಿಂದ ಕರೆ ಬಂತು. ಲಿಂಗವಂತರ ಹಳೇ ಮನೆತನ, ಅಣ್ಣತಮ್ಮಂದಿರು ಇಬ್ಬರು. ರಾಜ್ಯಗಳನ್ನು ಭಾಷೆಯ ಪ್ರಕಾರ ಒಡೆಯುತ್ತಾರೆ, ಬೀದರ ಒಂದು ಕಡೆಗೆ, ನಾವು ಇನ್ನೊಂದು ಕಡೆಗೆ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ತಮ್ಮ ವೀರಣ್ಣ ಬೀದರದಲ್ಲೇ ಅಂಗಡಿ ಹಾಕಲು ನಿಶ್ಚಯಿಸಿ ಮಳಿಗೆ ಹುಡುಕಲು ಹೋಗಿದ್ದ. ಅವನ ಹೆಂಡತಿ ಕಾಶಿಬಾಯಿ ಅತ್ತೆಯ ಹತ್ತಿರ ನಿಲಂಗಾದಲ್ಲಿದ್ದಳು. ಮನೆಯ ಸಾಮಾನು ಪಾಲಾಗುತ್ತಿತ್ತು. ಸ್ಟವ್ ಒಂದೇ ಇದ್ದದ್ದರಿಂದ ಅದರ ಕಿಮ್ಮತ್ತು ಗೊತ್ತಾಗಬೇಕಿತ್ತು.

ಅದನ್ನು ತಂದು ನನ್ನ ಮುಂದೆ ಇಟ್ಟಾಗ ಕಣ್ಣು ಕೋರೈಸಿತು ಎಂದರೆ ಸುಳ್ಳಲ್ಲ. ದೊಡ್ಡ ಹಿತ್ತಾಳೆ ಟಾಕಿ, ಮೇಲೆ ವಿಭೂತಿಯ ಮೂರು ಗೆರೆ. ರೇವಣಪ್ಪನವರ ತಾಯಿ ಸಂಗಮ್ಮ ಅದರ ಪಕ್ಕದಲ್ಲೇ ಕುಳಿತರು. ಗಂಡ ಹೈದರಾಬಾದಿನಿಂದ ತಂದದ್ದಂತೆ. ಸೋಮವಾರ ಮನೆಗೆ ಬರುವ ಜಂಗಮ ಅಯ್ಯನವರಿಗೆ ಹಾಲು ಕಾಯುವುದು, ಪ್ರಸಾದಕ್ಕೆ ಅಡುಗೆ ಆಗುವುದು ಇದರ ಮೇಲೆಯೇ. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಸೊಸೆಗೆ ಕೊಡುವ ಮೊದಲ ಕೆಲಸವೇ ಈ ಸ್ಟವ್ ಬೆಳಗುವುದು. ಹುಣಸೆಹಣ್ಣು, ಬೂದಿ, ಇಟ್ಟಂಗಿ ಪುಡಿ ಹಾಕಿ ತಿಕ್ಕಬೇಕು, ಅದರಲ್ಲಿ ಅತ್ತೆಯ ಮುಖ ಕಾಣುವ ತನಕ ಬಿಡುವ ಹಾಗಿಲ್ಲ.

"ನೋಡಪ್ಪಾ ಮಿಸ್ತ್ರಿ, ಇದು ಮನಿಗಿ ಬಂದಾಗಿಂದ ಒಂದ ಸೋಮಾರ ತಪ್ಪಿಲ್ಲ. ಮೊದಲ ನಾ ತಿಕ್ಕಿದೆ, ಈಗ ಸಣ್ಣಾಕಿ ತಿಕ್ತಾಳ. ಮುಖ ಕಾಣ್ತದ ಇಲ್ಲೋ ಹೇಳು" ಎಂದರು ಸಂಗಮ್ಮ.

ಮುಖವೇನೋ ಕಂಡಿತು. ಕಂಪನಿಯ ಅಕ್ಷರ ಕಾಣಲಿಲ್ಲ. ಬೆರಳಾಡಿಸಿದೆ, ಕೈಗೂ ಸಿಗಲಿಲ್ಲ. ಒತ್ತಿ ಮೂಡಿಸಿದ ಅಕ್ಷರ ಪೂರ್ತಿ ಸವೆಯಬೇಕಾದರೆ ಅದರ ಸುತ್ತಲಿನ ಹಿತ್ತಾಳೆ ಎಷ್ಟು ಸವೆದಿರಬೇಕು? ಟಾಕಿಯ ಹೆಗಲಿನ ಮೇಲೆ ಹೆಬ್ಬೆರಳು ಒತ್ತಿದೆ. ಡಬ್ಬಿಯ ಮುಚ್ಚಳದ ಹಾಗೆ ಟಕ್ ಎಂದು ಒಳಗೆ ಹೋಗಿ ಹೊರಗೆ ಬಂತು.

ಈ ಸ್ಟವ್ ಉರಿಯುವಾಗ ಟಾಕಿಯೊಳಗೆ ಬಿಸಿ ಎಣ್ಣೆ, ಅದರ ಮೇಲೆ ಪಂಪಿನಿಂದ ತುಂಬಿದ ಗಾಳಿಯ ಒತ್ತಡ ಇರುತ್ತದೆ. ಟಾಕಿ ಒಡೆದರೆ ಎಣ್ಣೆ ಚಿಮ್ಮಿ, ಪಕ್ಕದಲ್ಲೇ ಇರುವ ಉರಿಗೆ ಹೊತ್ತಿಕೊಳ್ಳುತ್ತದೆ. ಉದಗೀರದ ಒಂದು ಮನೆಯಲ್ಲಿ ಹಾಗೆ ಒಡೆದದ್ದನ್ನು ನಾನು ನೋಡಿದ್ದೆ. ಆ ಹೆಣ್ಣುಮಗಳು ಬದುಕಿದಳು, ಆದರೆ ಮತ್ತೆಂದೂ ಮುಖದ ಮೇಲಿನ ಸೆರಗು ತೆಗೆಯಲಿಲ್ಲ. ಅದನ್ನು ಕಂಡ ಮೇಲೆ ಸ್ಟವ್ ವಿಷಯದಲ್ಲಿ ಯಾರ ದಾಕ್ಷಿಣ್ಯಕ್ಕೂ ಬಗ್ಗದ ಒರಟುತನ ನನ್ನ ನಾಲಿಗೆಗೆ ಬಂದಿತ್ತು.

"ಸಾವ್ಕಾರ್ರ, ಇದು ಹರಕ ಹಿತ್ತಾಳಿ ಕಿಮ್ಮತ್ತಿನ ಮಾಲ. ಇವತ್ತಿನಿಂದ ಇದನ್ನ ಯಾರೂ ಹೊತ್ತಿಸಬ್ಯಾಡ್ರಿ" ಎಂದೆ.

ರೇವಣಪ್ಪನವರ ಮುಖ ಕೆಂಪಾಯಿತು. ಸ್ಟವ್ ತಮ್ಮನ ಪಾಲಿಗೆ ಹೋಗುವುದಿತ್ತು. ಅದಕ್ಕೆ ಭಾರಿ ಬೆಲೆ ಬಂದರೆ ಬೇರೆ ಸಾಮಾನು ತಮಗೆ ಉಳಿಯುತ್ತದೆ ಎಂಬ ಲೆಕ್ಕಾಚಾರ ಅವರದು. "ಖರಾಬ್ ಅದ ಅಂತ ಹೇಳಿ ನೀನೇ ಹೊಡ್ಕೊಂಡ ಹೋಗಬೇಕಂತಿ ಏನು? ನಿಮ್ಮ ಧಂದಾ ನಮಗ ಗೊತ್ತಿಲ್ಲೇನು?" ಎಂದರು. ಅಂಥ ಮಿಸ್ತ್ರಿಗಳೂ ಇದ್ದರು ಎಂಬುದು ನಿಜವೇ. ಆದ್ದರಿಂದ ಕೋಪ ಬಂದರೂ ನುಂಗಿಕೊಂಡೆ.

ನನ್ನ ಮಾತು ನಿಜವೆಂದು ತೋರಿಸುವ ದಾರಿ ಒಂದೇ, ನೀರಿನ ಪರೀಕ್ಷೆ. ಎಣ್ಣೆ ಚೆಲ್ಲಿ ಟಾಕಿಯನ್ನು ನೀರಿನಿಂದ ತುಂಬಬೇಕು. ಬರ್ನರ್ ಬಿಚ್ಚಿ ಆ ಬಾಯಿಗೆ ಬಿರಡೆ ತಿರುಗಿಸಿ, ಜೋರಾಗಿ ಪಂಪು ಹೊಡೆಯಬೇಕು. ಗಟ್ಟಿ ಟಾಕಿಯಾದರೆ ತಡೆಯುತ್ತದೆ. ಇಲ್ಲವಾದರೆ ಸೀಳುತ್ತದೆ, ಚಿಮ್ಮುವುದು ಬರೀ ನೀರು, ಯಾರಿಗೂ ಅಪಾಯವಿಲ್ಲ. ತೊಂದರೆ ಏನೆಂದರೆ, ನನ್ನ ಮಾತು ಖರೆ ಎಂದು ಸಾಬೀತಾಗುವ ಗಳಿಗೆಗೇ ಸ್ಟವ್ ಹಾಳಾಗುತ್ತದೆ. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ.

ಸಂಗಮ್ಮ ಸ್ಟವ್ ಎಳೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. "ನಮ್ಮ ಯಜಮಾನ್ರು ತಂದದ್ದನ್ನ ನನ್ನ ಕಣ್ಮುಂದ ಒಡಿತೀಯೇನಪ್ಪಾ? ಇಷ್ಟ ಭಕ್ತಿಲೆ ಬೆಳಗಿದ್ದು ಮನಿ ಮಂದೀನ ಸುಡ್ತದಂತೀ?"

ಬಾಗಿಲ ಹಿಂದೆ ನಿಂತಿದ್ದ ಕಾಶಿಬಾಯಿ ಆಗ ಮೊದಲ ಸಲ ಬಾಯಿ ತೆರೆದಳು. "ಮಿಸ್ತ್ರಿ ಅಣ್ಣಾ, ಸೋಮಾರ ಅಯ್ಯನವ್ರು ಬರ್ತಾರ. ಹೊತ್ತಿಸಾಕಿ ನಾನೇ. ನಾ ಹೊತ್ತಿಸಬೇಕೋ ಬ್ಯಾಡೋ?"

"ಬ್ಯಾಡ ತಂಗಿ" ಎಂದೆ. "ನೀ ಸುಮ್ನಿರು" ಎಂದು ಸಂಗಮ್ಮ ಅವಳನ್ನು ಗದರಿದರು. ನಾನು ಚೀಲದಿಂದ ಬಿರಡೆಯನ್ನೂ ಅದನ್ನು ಬಿಗಿಯುವ ಪಾನವನ್ನೂ ತೆಗೆದು ಕಟ್ಟೆಯ ಮೇಲೆ ಇಟ್ಟೆ. "ಇಲ್ಲೇ ಇರ್ಲಿ. ಯಾರ ಕಡೆಯಿಂದರ ಪರೀಕ್ಷಾ ಮಾಡಿಸ್ರಿ" ಎಂದು ಹೇಳಿ ಹೊರಬಿದ್ದೆ.

ಉದಗೀರಕ್ಕೆ ಬಂದೆನೇ ಹೊರತು ಕೆಲಸಕ್ಕೆ ಮನಸ್ಸು ಹತ್ತಲಿಲ್ಲ. ರೇವಣಪ್ಪನವರ ಮಾತು ನನಗಿಂತ ಮುಂಚೆ ಬಜಾರು ಮುಟ್ಟಿತ್ತು. ಬೆಲೆ ಕಟ್ಟಿಸಲು ಬಂದ ಗಿರಾಕಿಯೊಬ್ಬ ನನ್ನ ಮುಖ ನೋಡಿ ನಕ್ಕು, ಸ್ಟವ್ ಎತ್ತಿಕೊಂಡು ಹೋಗಿಬಿಟ್ಟ. ನನ್ನನ್ನು ಕಾಡಿದ್ದು ಮಾತ್ರ ಬೇರೆ. ಬೆರಳಿಗೆ ಟಕ್ ಎಂದ ಆ ಹಿತ್ತಾಳೆ ನೆನಪಾದಾಗಲೆಲ್ಲ ಉದಗೀರದ ಆ ಸೆರಗು ಕಣ್ಣ ಮುಂದೆ ಬರುತ್ತಿತ್ತು. ಸೋಮವಾರ ಅಂಗಡಿ ತೆಗೆಯದೆ ನಿಲಂಗಾದ ಮೊದಲ ಮೋಟಾರು ಹತ್ತಿದೆ. ಕೈಕಾಲು ಹಿಡಿದಾದರೂ ತಪ್ಪಿಸಬೇಕು ಎಂದುಕೊಂಡಿದ್ದೆ, ಬೈದರೆ ಬೈಯಲಿ.

ಅವರ ಓಣಿ ಹೊಕ್ಕಾಗ ಸ್ಟವ್‌ನ ಭೋರ್ಗರೆತಕ್ಕೆ ಕಿವಿಗೊಟ್ಟೆ. ಕೇಳಿಸಲಿಲ್ಲ. ಮಾಡಿನ ಮೇಲೆ ಕಟ್ಟಿಗೆ ಒಲೆಯ ಹೊಗೆ ಏಳುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಅಯ್ಯನವರು, "ಒಳಗ ಏನೋ ಗದ್ದಲ ಅದಪ್ಪಾ. ನನಗರ ಹಾಲು ಯಾವ ಒಲಿ ಮ್ಯಾಲ ಕಾಸಿದ್ರೂ ಹಾಲೇ" ಎಂದರು.

ಹಿತ್ತಲಲ್ಲಿ ಬಾವಿಯ ಹತ್ತಿರ ಸ್ಟವ್ ಬಿದ್ದಿತ್ತು. ಬರ್ನರಿನ ಬಾಯಿಗೆ ನನ್ನ ಬಿರಡೆ. ಟಾಕಿ ಹೆಗಲಿನಿಂದ ಕೆಳಗಿನವರೆಗೆ ಸೀಳಿತ್ತು. ಕಾಶಿಬಾಯಿ ಸೀರೆಯೆಲ್ಲ ನೆನೆದು ನಿಂತಿದ್ದಳು. ನಸುಕಿನಲ್ಲಿ ಎದ್ದು, ನಾನು ಹೇಳಿದಂತೆಯೇ ನೀರು ತುಂಬಿ ತಾನೇ ಪಂಪು ಹೊಡೆದಿದ್ದಳು.

"ಪಾಲಾಗಿ ಹೋಗ್ಲತ್ತಾಳ, ಹೋಗೂ ಮುಂದ ಮನಿ ಲಕ್ಷ್ಮೀನ ಒಡದ ಹೋಗ್ಲತ್ತಾಳ!" ಎಂದು ರೇವಣಪ್ಪನವರು ಕೂಗುತ್ತಿದ್ದರು. ಗೋಡೆಯ ಆಚೆ ಓಣಿಯ ಹೆಂಗಸರು ಸೇರಿದ್ದರು. ನಾನು ಏನೋ ಹೇಳಲು ಹೋದೆ. ನನ್ನ ಮಾತನ್ನು ಯಾರು ಕೇಳಬೇಕು, ನಾನೇ ಕಲಿಸಿಕೊಟ್ಟೆನೆಂದು ನನಗೂ ಮಂಗಳಾರತಿ ಆಯಿತು.

ಕಾಶಿಬಾಯಿ ಅಳಲಿಲ್ಲ. "ಅತ್ತಿ, ನಾ ಒಡೀಬೇಕಂತ ಒಡದಿಲ್ರಿ. ನನಗ ಅಂಜಿಕಿ ಆಗಿತ್ತು" ಎಂದಷ್ಟೇ ಅಂದಳು.

ಸಂಗಮ್ಮ ಕುಕ್ಕರಗಾಲಿನಲ್ಲಿ ಕುಳಿತು ಸೀಳಿನ ಅಂಚಿಗೆ ಬೆರಳು ಮುಟ್ಟಿಸಿದರು. ಅಂಚು ಪತ್ರಾವಳಿಯ ಎಲೆಯಷ್ಟು ತೆಳ್ಳಗಾಗಿತ್ತು. ಬೆರಳು ಕೊಯ್ದು ರಕ್ತ ಬಂತು. ಅವರು ಸೊಸೆಯನ್ನು ಬೈಯಲಿಲ್ಲ, ಮಗನನ್ನು ತಡೆಯಲೂ ಇಲ್ಲ. ಎದ್ದು ಒಳಗೆ ಹೋದರು. ಆ ಮೌನ ನನಗೆ ರೇವಣಪ್ಪನವರ ಕೂಗಾಟಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಒಂದು ಮಾತು ಆಡಿದ್ದರೆ ಆ ಹುಡುಗಿಯ ಹೆಸರು ಉಳಿಯುತ್ತಿತ್ತು. ಸಣ್ಣ ಸೊಸೆ ಅತ್ತೆಯ ಮೇಲಿನ ಸಿಟ್ಟಿಗೆ ಸ್ಟವ್ ಒಡೆದಳು ಎಂದೇ ಊರೆಲ್ಲ ಆಡಿಕೊಂಡಿತು. ಕೆಲವೇ ದಿನಗಳಲ್ಲಿ ಅವಳು ಆ ಮಾತು ಹೊತ್ತುಕೊಂಡೇ ಬೀದರಕ್ಕೆ ಹೋದಳು.

ನವೆಂಬರಿನಲ್ಲಿ ರಾಜ್ಯಗಳು ಬೇರೆಯಾದವು. ಬೀದರ ಮೈಸೂರಿಗೆ ಸೇರಿತು, ಉದಗೀರ, ನಿಲಂಗಾ ಮುಂಬಯಿಗೆ. ಅದಾದ ಮೇಲೆ ಒಂದು ಸಂತೆಯ ದಿನ ನಿಲಂಗಾದಲ್ಲಿ ನಾನು ಸಾಮಾನು ಹರಡಿಕೊಂಡು ಕುಳಿತಿದ್ದ ತಟ್ಟಿನ ಮುಂದೆ ಸಂಗಮ್ಮ ಬಂದು ನಿಂತರು. ನನಗೆ ಮಾತಾಡಿಸುವ ಮನಸ್ಸಿರಲಿಲ್ಲ. ಆದರೂ ವಯಸ್ಸಾದವರು, ಕೂಡ್ರಿ ಎಂದೆ.

"ಸ್ಟವ್ ಹೊತ್ತಿಸಾಗ ಮುಖ ಎಷ್ಟ ಸಮೀಪ ಇರ್ತದಪ್ಪಾ?" ಎಂದು ಕೇಳಿದರು.

ಬಗ್ಗಿ ಬರ್ನರಿನ ತೂತಿಗೆ ಪಿನ್ ಹಾಕುವಾಗ ಎಷ್ಟು ಹತ್ತಿರ ಇರುತ್ತದೆಂದು ಕೈಯಿಂದ ತೋರಿಸಿದೆ. ಒಂದು ಗೇಣು.

ಅವರು ಆ ಗೇಣನ್ನೇ ಬಹಳ ಹೊತ್ತು ನೋಡಿದರು. "ಇನ್ನಷ್ಟ ತಿಕ್ಕು, ಇನ್ನಷ್ಟ ತಿಕ್ಕು ಅಂದಾಕಿ ನಾನೇ" ಎಂದರು. ಆಮೇಲೆ, "ಒಂದ ಛಲೋ ಸ್ಟವ್ ಆರಿಸಿ ಕೊಡು. ಹಳೀದಿದ್ರೂ ನಡೀತದ, ಗಟ್ಟಿ ಇರಬೇಕು. ನೀರ ಹಾಕಿ ನನ್ನ ಮುಂದ ಪರೀಕ್ಷಾ ಮಾಡು" ಎಂದರು. ಮಾಡಿದೆ. ನಾನು ಪಂಪು ಹೊಡೆಯುವಷ್ಟು ಹೊತ್ತೂ ಅವರು ಹಿಂದೆ ಸರಿಯಲಿಲ್ಲ. ಟಾಕಿ ತಡೆಯಿತು. ಬಿಡಿ ಭಾಗ ತರಲು ನಾನು ಬೀದರಕ್ಕೆ ಹೋಗುವುದು ಅವರಿಗೆ ಗೊತ್ತಿತ್ತು. ಸ್ಟವ್ ನನ್ನ ಕೈಗೇ ಕೊಟ್ಟು, ಒಂದು ಮಾತು ಹೇಳಿ ಕಳಿಸಿದರು.

ಬೀದರದ ಆ ಸಣ್ಣ ಮನೆಯಲ್ಲಿ ಕಾಶಿಬಾಯಿ ಸ್ಟವ್ ಕಡೆಗೂ ನನ್ನ ಕಡೆಗೂ ನೋಡಿದಳು. ಕೈ ಮುಂದೆ ಮಾಡಲಿಲ್ಲ. "ಅತ್ತಿ ಏನರ ಅಂದಾರೇನ್ರಿ ಅಣ್ಣಾ?"

"ಅಂದಾರ ತಂಗಿ. 'ಇದನ್ನ ತಿಕ್ಕಬ್ಯಾಡಂತ ಹೇಳು. ಕರ್ರಗಾಗ್ಲಿ. ಆಕಿ ಮುಖ ಹೊಳದ್ರ ಸಾಕು' ಅಂದಾರ."

ಬಾವಿಯ ಹತ್ತಿರ ಅಷ್ಟು ಮಾತು ಕೇಳಿಯೂ ಅಳದವಳು ಅಲ್ಲೇ ನೆಲಕ್ಕೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಕಣ್ಣೂ ತುಂಬಿತು, ಅದನ್ನು ಹೇಳಲು ನಾಚಿಕೆ ಏನು? ಸ್ವಲ್ಪ ಹೊತ್ತಿಗೆ ಸೆರಗು ಸರಿಸಿ ಎದ್ದು ಚಹಾಕ್ಕೆ ಇಟ್ಟಳು.

ಆಮೇಲೆ ಬೀದರಕ್ಕೆ ಹೋದಾಗಲೆಲ್ಲ ಆ ಸ್ಟವ್‌ನ ವಾಶರು, ಪಿನ್ನು ನೋಡಿ ಬರುತ್ತಿದ್ದೆ. ಮಸಿ ಹಿಡಿದು ಕಪ್ಪಾಗಿತ್ತು, ಕಂಪನಿಯ ಅಕ್ಷರ ಮಾತ್ರ ಬೆರಳಿಗೆ ಸಿಗುವಷ್ಟು ಸ್ಪಷ್ಟವಾಗಿತ್ತು. ಈಗ ಹಳೇ ಸ್ಟವ್‌ಗಳನ್ನು ಷೋಕೇಸಿನಲ್ಲಿ ಇಡುವವರು ನನ್ನ ಹತ್ತಿರ ಬರುತ್ತಾರೆ, ಫಳಫಳ ಹೊಳೆಯುವುದನ್ನು ಮುಂದಿಟ್ಟು ಬೆಲೆ ಕೇಳುತ್ತಾರೆ. ಬೆಲೆ ಆಮೇಲೆ. ಇದನ್ನು ಹೊತ್ತಿಸುವವರು ಯಾರು ಎಂದು ನಾನು ಮೊದಲು ಕೇಳುತ್ತೇನೆ.