ಅಪ್ಪ ಠಾಣೆಗೆ ಕೊಟ್ಟು ಬಂದ ಬಂದೂಕು

ಮೊನ್ನೆ ಶಿರಾದಿಂದ ಮಧುಗಿರಿಗೆ ಬಸ್ಸಿನಲ್ಲಿ ಬರುತ್ತಾ ಮೊಬೈಲು ನೋಡಿ ಅತ್ತುಬಿಟ್ಟೆ. ಫಿನ್‌ಲೆಂಡಿನ ಹೆಂಗಸೊಬ್ಬಳು. ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳನ್ನು ಬಂದೂಕಿನಿಂದ ಹೊಡೆಯುವ ಆಟದಲ್ಲೇ ಅರ್ಧ ಆಯಸ್ಸು ಕಳೆದವಳು. ಹೆಚ್ಚುಕಮ್ಮಿ ನನ್ನದೇ ವಯಸ್ಸು. ಇನ್ನು ಸಾಕು, ನಿಲ್ಲಿಸುತ್ತೇನೆ ಅಂತ ನಗುತ್ತಾ ಹೇಳುತ್ತಿದ್ದಳು. ಪಕ್ಕದ ಸೀಟಿನ ಅಜ್ಜಿ, ಯಾರು ಹೋದ್ರವ್ವ ಅಂತ ಕೇಳಿತು. ಯಾರೂ ಇಲ್ಲ ಅಂದೆ. ನಿಲ್ಲಿಸುವುದನ್ನು ಅವಳೇ ತೀರ್ಮಾನ ಮಾಡಿದಳಲ್ಲ, ನನಗೆ ಅದೇ ಹೊಟ್ಟೆಯುರಿ.

ನಗಬೇಡಿ, ನಾನೂ ಆ ಆಟ ಆಡಿದವಳು. ಮಿಡಿಗೇಶಿ ಪಕ್ಕದ ನಮ್ಮೂರಿನಲ್ಲಿ, ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಅಪ್ಪ ಜೋಡಿ ನಳಿಗೆಯ ಬಂದೂಕು ಇಟ್ಟುಕೊಂಡಿದ್ದ. ಒಡೆದ ಹೆಂಚಿನ ಚೂರುಗಳನ್ನು ಅವನು ಮೇಲಕ್ಕೆ ಎಸೆಯುವುದು, ನಾನು ಹೊಡೆಯುವುದು. ಈ ಗಂಡುಬೀರಿಯನ್ನು ಯಾವನು ಕಟ್ಟಿಕೊಳ್ಳುತ್ತಾನೆ ಅಂತ ಅವ್ವ ಬೈಯುತ್ತಲೇ ಇದ್ದಳು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬಡಗಿಯ ಹತ್ತಿರ ಬಂದೂಕಿನ ಹಿಂಬದಿಯ ಮರವನ್ನು ನನ್ನ ಭುಜದ ಅಳತೆಗೆ ಕೊಯ್ಯಿಸಿ, ಬೆಂಗಳೂರಿನ ಕ್ಲಬ್ಬೊಂದಕ್ಕೆ ಕರೆದುಕೊಂಡು ಹೋದ. ಅಲ್ಲಿನವರೇ ಬೆರಗಾದರು. ರಾಜ್ಯದ ಪಂದ್ಯಕ್ಕೆ ಹೆಸರು ಕೊಟ್ಟೆವು.

ಅಷ್ಟರಲ್ಲಿ ಎಲೆಕ್ಷನ್ ಬಂತು. ಎಲೆಕ್ಷನ್ ಅಂದರೆ ಊರಿನ ಲೈಸೆನ್ಸ್ ಬಂದೂಕುಗಳೆಲ್ಲ ಠಾಣೆ ಸೇರಬೇಕು. ನಮ್ಮದೂ ಸೇರಿತು. ಪಂದ್ಯದ ಮಟ್ಟಿಗಾದರೂ ಕೊಡಿ ಅಂತ ನಾನೂ ಅಪ್ಪನೂ ಹೋಗಿ ಗೋಗರೆದೆವು.

“ಬೆಳೆ ಕಾಯಕ್ಕೆ ಕೊಟ್ಟಿರೋ ಲೈಸೆನ್ಸ್ ಕಣಮ್ಮ, ಆಟ ಆಡಕ್ಕಲ್ಲ. ಎಣಿಕೆ ಮುಗೀಲಿ, ಬಾ,” ಅಂದರು ಠಾಣೆಯ ಸಾಹೇಬರು.

ಪಂದ್ಯದ ದಿನ ಕ್ಲಬ್ಬಿನವರು ಕೈಗಿತ್ತ ಬಂದೂಕು ಯಾವುದೋ ದಢೂತಿ ಗಂಡಸಿನ ಅಳತೆಯದು. ಕೆನ್ನೆ ಅದರ ಮೇಲೆ ಕೂರಲೇ ಇಲ್ಲ. ಬಿಲ್ಲೆಗಳು ಒಂದರ ಹಿಂದೆ ಒಂದು ಒಡೆಯದೇ ಹೋಗಿ ಹುಲ್ಲಿನ ಮೇಲೆ ಬಿದ್ದವು. ವಾಪಸು ಬರುವ ಬಸ್ಸಿನಲ್ಲಿ ತುಮಕೂರು ಬರುವವರೆಗೂ ಅತ್ತೆ. ಅಪ್ಪ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ.

ಎಣಿಕೆ ಮುಗಿಯಿತು. ಊರಿನವರು ತಮ್ಮ ತಮ್ಮ ಬಂದೂಕು ತಂದುಕೊಂಡರು. ನಮ್ಮಪ್ಪ ಠಾಣೆಯಿಂದ ಬರಿಗೈಯಲ್ಲಿ ಬಂದ.

“ಎಲ್ಲಪ್ಪ ಬಂದೂಕು?”

“ಲೈಸೆನ್ಸೇ ಬ್ಯಾಡ ಅಂತ ಬರ್ಕೊಟ್ಟು ಬಂದ್ಬುಟ್ಟೆ ಕಣವ್ವ.”

“ಯಾಕೆ?”

“ಅವತ್ತು ಬಸ್ನಾಗೆ ಅಂಗೆ ಅಳ್ತಿದ್ಯಲ್ಲ. ಇನ್ನೊಂದ್ಸಲ ಅದನ್ನ ನೋಡಕ್ಕೆ ನನ್ ಕೈಲಾಗಕಿಲ್ಲ ಮಗ.”

ನನ್ನ ಬಂದೂಕು ನನ್ನ ಕೈಯಲ್ಲಿ ಇರಲಿಲ್ಲವಲ್ಲ ಅಂತ ಅತ್ತಿದ್ದೆ. ಅದು ಸಿಕ್ಕಿದ್ದರೆ ಮರುದಿನವೇ ಮತ್ತೆ ಬಿಲ್ಲೆ ಹೊಡೆಯಲು ಹೋಗಿ ನಿಲ್ಲುತ್ತಿದ್ದೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಯಾವುದೋ ದೊಡ್ಡ ಹೊರೆ ಇಳಿಸಿದವನ ಹಾಗೆ ಜಗುಲಿ ಮೇಲೆ ಕೂತು, ಮುದ್ದೆ ಇಡು ಅಂತ ಅವ್ವನನ್ನು ಕೂಗುತ್ತಿದ್ದ. ಮಗಳಿಗೆ ಒಳ್ಳೆಯದು ಮಾಡಿ ಬಂದೆ ಅನ್ನುವ ನೆಮ್ಮದಿ ಮುಖದಲ್ಲಿ. ಹೇಳಿದ್ದರೆ ಆ ತುತ್ತು ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಚೊಂಬಿನಲ್ಲಿ ನೀರು ತಂದು ಅವನ ಪಕ್ಕ ಇಟ್ಟೆ. ನಾನು ಅತ್ತಿದ್ದು ಯಾಕೆ ಅಂತ ಸಾಯುವವರೆಗೂ ಅವನಿಗೆ ಗೊತ್ತಾಗಲಿಲ್ಲ.